ಹುಡುಗರನ್ನು ಕ್ಲಬ್ಬಿಗೆ ಬಿಟ್ಟುಕೊಟ್ಟ ಮೇಷ್ಟ್ರು

ಶಿಡ್ಲಘಟ್ಟದಲ್ಲಿ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಿಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಹೋದ ಕಡೆಯೆಲ್ಲ ಮೊದಲು ಊರು ಯಾವುದು ಎಂದು ಕೇಳುತ್ತಿದ್ದರು, ಆಮೇಲೆ ತಂದೆಯ ಹೆಸರು, ಆಮೇಲೆ ‘ಅಂದ್ರೆ ನೀವು...’ ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಇವರು ಸುತ್ತಿ ಬಳಸಿ ಮಾತಾಡುವವರಲ್ಲ. ‘ಹರಿಜನರು’ ಎನ್ನುತ್ತಿದ್ದರು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಮಾತು ಅದೇ. ಅಷ್ಟು ಕೇಳಿದ ಕೂಡಲೇ ಮನೆಯವರಿಗೆ ಯಾರೋ ನೆಂಟರು ಬರುವುದು ನೆನಪಾಗುತ್ತಿತ್ತು.

ಕೊನೆಗೆ ರೂಮು ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ, ರೇಷ್ಮೆ ನೂಲು ಬಿಚ್ಚಿಸುತ್ತಿದ್ದ ಒಬ್ಬ ಸಾಹೇಬರ ಹಿತ್ತಲಲ್ಲಿ. ಅಲ್ಲಿ ಅಕ್ಕಪಕ್ಕ ಎರಡು ರೂಮುಗಳಿದ್ದವು. ಒಂದರಲ್ಲಿ ನಾನಿದ್ದೆ. ಮಂಡಿಕಲ್ ಕಡೆಯ ಒಕ್ಕಲು ಮನೆತನದವನು ನಾನು. ಚರಿತ್ರೆಯ ಮೇಷ್ಟ್ರಾಗಿ ಅದೇ ನನ್ನ ಮೊದಲ ಕೆಲಸ. ಬೆಳಗಾದರೆ ಹಿತ್ತಲ ತುಂಬ ಬೇಯುವ ರೇಷ್ಮೆಗೂಡಿನ ವಾಸನೆ. ಹೊಸತರಲ್ಲಿ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರು ಬಂದ ದಿನ ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟವ್ವು, ಬಟ್ಟೆಯ ಚೀಲದಲ್ಲಿ ಒಂದು ಬ್ಯಾಡ್ಮಿಂಟನ್ ಬ್ಯಾಟು ಇಳಿಸಿಕೊಂಡು, ಒಮ್ಮೆ ಉಸಿರೆಳೆದುಕೊಂಡು, ‘ಪರವಾಗಿಲ್ಲ, ಕೆಲಸ ನಡೆಯೋ ಜಾಗ’ ಎಂದರು.

ಎತ್ತರದ, ಸಪೂರ ಆಳು. ಸುಣ್ಣದಷ್ಟು ಬೆಳ್ಳಗಿನ ಕ್ಯಾನ್ವಾಸ್ ಶೂ. ಪೀಪಿಯನ್ನು ಬೇರೆ ಡ್ರಿಲ್ ಮೇಷ್ಟ್ರುಗಳ ಹಾಗೆ ಕೊರಳಿಗೆ ಹಾಕಿಕೊಳ್ಳದೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ಅದನ್ನು ಊದಿದ್ದನ್ನು ನಾನು ಕೇಳಿದ್ದೇ ಕಡಿಮೆ. ಮೈದಾನದಲ್ಲಿ ನಡೆಯುವಾಗ ಬಗ್ಗಿ ಬಗ್ಗಿ ಕಲ್ಲು ಆರಿಸಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಅವರಿಗಿತ್ತು, ಹುಡುಗರ ಕಾಲಿಗೆ ಸಿಕ್ಕಬಾರದು ಎಂದು. ರೂಮಿಗೆ ಬಂದ ಮೇಲೆ ಜೇಬು ತಿರುಗಿಸಿ ಗೋಡೆಯಾಚೆ ಕೊಡವುತ್ತಿದ್ದರು. ಮೊದಲ ದಿನದಿಂದಲೇ ಸ್ಟಾಫ್ ರೂಮಿಗೆ ತಮ್ಮ ಲೋಟವನ್ನು ತಾವೇ ತಂದುಕೊಂಡರು. ಜವಾನ ಎಲ್ಲರಿಗೂ ಟೀ ಬಗ್ಗಿಸಿದ ಮೇಲೆ ಅದನ್ನು ಮುಂದೆ ಹಿಡಿಯುತ್ತಿದ್ದರು. ‘ಇಲ್ಲೇ ಇವೆಯಲ್ಲ ಲೋಟ’ ಎಂದು ನಾನೊಮ್ಮೆ ಅಂದೆ.

‘ಯಾರೋ ಒಬ್ರು ಹೇಳಿ ತರಿಸೋದಕ್ಕಿಂತ ಇದು ವಾಸಿ ಮೇಷ್ಟ್ರೆ’ ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಹಿಂದೆ ಮುಂದೆ ಅವರಿಗೆ ಯಾರೂ ಇದ್ದಂತಿರಲಿಲ್ಲ. ಅಂಚೆಯವನು ಅವರ ಬಾಗಿಲಿಗೆ ನಿಂತದ್ದನ್ನು ನಾನು ಕಾಣೆ. ಭಾನುವಾರ ಬೆಳಗ್ಗೆ ಬಟ್ಟೆ, ಶೂ, ಪಾತ್ರೆ ಎಲ್ಲ ತೊಳೆದು ಬಿಸಿಲಿಗಿಟ್ಟು ಹೊಸ್ತಿಲ ಮೇಲೆ ಕೂತರೆ ಸಾಯಂಕಾಲದವರೆಗೆ ಹಾಗೇ. ಚಿಂತಾಮಣಿ ಕಡೆಗೆ ಹೋಗುವ ಸಣ್ಣ ರೈಲು ಕೂಗಿದಾಗ ಮಾತ್ರ ತಲೆಯೆತ್ತುತ್ತಿದ್ದರು. ‘ಊರಿಗೆ ಹೋಗ್ಬರೋದಲ್ವಾ’ ಅಂದರೆ, ‘ಊರಲ್ಲಿ ಅಮ್ಮ ಇದ್ರು, ಈಗಿಲ್ಲ’ ಎನ್ನುತ್ತಿದ್ದರು. ಒಂದು ಭಾನುವಾರ ಮುದ್ದೆ ಹೆಚ್ಚಾಯಿತು ಎಂದು ನನ್ನ ಬಾಗಿಲು ತಟ್ಟಿದರು. ಹೆಚ್ಚಾಗಿರಲಿಲ್ಲ, ನನಗೆ ಗೊತ್ತಿತ್ತು. ಹೋಗಿ ಕೂತು ಉಂಡೆ. ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ಒಟ್ಟಿಗೆ ಊಟ.

ಸ್ಕೂಲಿನ ಹಿಂದೆ ಜಾಲಿ ಬೆಳೆದ ಬಯಲಿತ್ತು. ಅದನ್ನು ಹುಡುಗರ ಜೊತೆ ತಾವೂ ನಿಂತು ಕಡಿದು, ನೆಲ ಹದ ಮಾಡಿ, ಸುಣ್ಣದ ಗೆರೆ ಎಳೆದು, ಬಾಲ್ ಬ್ಯಾಡ್ಮಿಂಟನ್ ಕೋರ್ಟು ಮಾಡಿದರು. ಆಗ ನಮ್ಮ ಸೀಮೆಯ ಊರೂರಲ್ಲೂ ಆ ಆಟದ ಹುಚ್ಚು. ಹಳದಿ ಉಲ್ಲನ್ನಿನ ಚೆಂಡು, ನೆಟ್ಟಿನ ಆಕಡೆ ಐದು ಜನ, ಈಕಡೆ ಐದು ಜನ. ಯಾರೂ ಯಾರನ್ನೂ ಮುಟ್ಟದೆ ಆಡುವ ಆಟ. ಕಬಡ್ಡಿ ಆಗಿದ್ದರೆ ಕೆಲವು ಮನೆಗಳಿಂದ ತಕರಾರು ಬರುತ್ತಿತ್ತೋ ಏನೋ, ಇದಕ್ಕೆ ಬರಲಿಲ್ಲ.

ಅವರು ಆರಿಸಿದ ಐವರಲ್ಲಿ ನಾಲ್ವರು ಊರಿನ ಅನುಕೂಲಸ್ಥರ ಮಕ್ಕಳು. ಐದನೆಯವನು ಕೇರಿಯ ಮುನಿಕೃಷ್ಣ. ಅವನ ತಾಯಿ ನಮ್ಮ ಸಾಹೇಬರಲ್ಲೇ ನೂಲು ಬಿಚ್ಚುವ ಕೆಲಸದಲ್ಲಿದ್ದಳು. ಬಿಸಿನೀರಿನಲ್ಲಿ ಕೈಯಾಡಿಸಿ ಆಡಿಸಿ ಆಕೆಯ ಬೆರಳುಗಳು ಬೆಳ್ಳಗೆ ನೆರಿಗೆಗಟ್ಟಿದ್ದವು. ಮುನಿಕೃಷ್ಣ ಮಾತು ಕಡಿಮೆಯ ಹುಡುಗ, ಆದರೆ ಕೋರ್ಟಿನ ನಡುವೆ ನಿಂತರೆ ಅವನನ್ನು ದಾಟಿ ಚೆಂಡು ಹೋಗುವುದು ಕಷ್ಟ. ಮೇಷ್ಟ್ರು ಸುಣ್ಣದ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತು, ‘ಹೊಡ್ಯೋದು ಆಮೇಲೆ, ಮೊದ್ಲು ನಿಂತ್ಕೊಳ್ಳೋದು ಕಲೀರಪ್ಪ’ ಎನ್ನುತ್ತಿದ್ದರು. ಆ ಐವರೂ ನಿಲ್ಲುವುದನ್ನು ಕಲಿತರು. ಹೊಡೆಯುವುದನ್ನೂ ಕಲಿತರು. ಮೊದಲ ವರ್ಷವೇ ಚಿಂತಾಮಣಿಯಲ್ಲಿ ನಡೆದ ಶಾಲೆಗಳ ಪಂದ್ಯದಲ್ಲಿ ಗೆದ್ದು ಬಂದರು. ರೈಲಿಳಿದಾಗ ಸ್ಟೇಷನ್ನಿನಲ್ಲಿ ಅರ್ಧ ಊರೇ ಸೇರಿತ್ತು. ಹಾರ ಬಿದ್ದದ್ದು ಹೆಡ್‌ಮಾಸ್ಟರ ಕೊರಳಿಗೆ. ಮೇಷ್ಟ್ರು ಹಿಂದಿನಿಂದ ಬ್ಯಾಟುಗಳ ಕಟ್ಟನ್ನು ಹೆಗಲಿಗೇರಿಸಿಕೊಂಡು ನಗುತ್ತಾ ಇಳಿದರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತು.

ಆ ಗೆಲುವು ಊರಿನ ಕ್ಲಬ್ಬಿನ ಕಣ್ಣಿಗೂ ಬಿತ್ತು. ರೇಷ್ಮೆ ವ್ಯಾಪಾರಿಗಳು, ವಕೀಲರು, ಒಬ್ಬ ಡಾಕ್ಟರು ಸೇರಿ ನಡೆಸುತ್ತಿದ್ದ ಕ್ಲಬ್ಬು ಅದು. ಕಾಂಪೌಂಡು, ಇಸ್ಪೀಟಿನ ಕೋಣೆ, ಒಳ್ಳೆಯ ಕೋರ್ಟು, ಗ್ಯಾಸ್‌ಲೈಟು ಎಲ್ಲ ಇತ್ತು. ನಾನೂ ಸಂಜೆ ಹೊತ್ತು ಪತ್ರಿಕೆ ಓದಲು ಅಲ್ಲಿಗೆ ಹೋಗುತ್ತಿದ್ದೆ. ಕ್ಲಬ್ಬಿನ ಹಳೆಯ ಆಟಗಾರರಿಗೆ ಹೊಟ್ಟೆ ಬಂದಿತ್ತು, ಮಂಡಿ ಹಿಡಿದಿತ್ತು. ಮುಂದಿನ ವರ್ಷ ಸ್ಕೂಲು ಪಂದ್ಯಗಳ ಸಮಯ ಹತ್ತಿರವಾದಾಗ, ಕಾರ್ಯದರ್ಶಿಯಾಗಿದ್ದ ಡಾಕ್ಟರು ನಮ್ಮ ಹುಡುಗರನ್ನು ಕರೆಸಿದರು. ನಾಲ್ವರನ್ನು ಮಾತ್ರ.

ಹುಡುಗರಿಗೆ ಅದು ದೊಡ್ಡ ಸಂಗತಿ. ಹೊಸ ಬ್ಯಾಟು, ಆಟ ಮುಗಿದ ಮೇಲೆ ದೋಸೆ, ದೊಡ್ಡವರು ಬೆನ್ನು ತಟ್ಟಿ ‘ಭಲೇ’ ಎನ್ನುವುದು. ಒಬ್ಬೊಬ್ಬರಾಗಿ ಸ್ಕೂಲಿನ ಕೋರ್ಟಿಗೆ ಬರುವುದನ್ನು ನಿಲ್ಲಿಸಿದರು. ಒಂದು ಸಂಜೆ ನಾನು ಹಾದು ಹೋಗುವಾಗ ಅಷ್ಟು ದೊಡ್ಡ ಕೋರ್ಟಿನಲ್ಲಿ ಇಬ್ಬರೇ ಇದ್ದರು. ಈ ತುದಿಯಲ್ಲಿ ಮೇಷ್ಟ್ರು, ಆ ತುದಿಯಲ್ಲಿ ಮುನಿಕೃಷ್ಣ. ಚೆಂಡು ಅತ್ತಿತ್ತ ಹೋಗುತ್ತಿತ್ತು.

ಶಾಲೆಗಳ ಪಂದ್ಯ ನಡೆಯುವ ತಿಂಗಳುಗಳಲ್ಲಿ ಶಾಲೆಯ ಟೀಮಿನ ಹುಡುಗರು ಹೊರಗಿನ ಕ್ಲಬ್ಬಿಗೆ ಆಡಬಾರದು ಎಂಬ ನಿಯಮ ಆಗಲೇ ಇತ್ತು. ಅದನ್ನು ಯಾವ ಊರಿನವರೂ ಅಷ್ಟಾಗಿ ಲೆಕ್ಕಕ್ಕಿಟ್ಟಿರಲಿಲ್ಲ. ಇವರಿಗೆ ಮಾತ್ರ ಅದು ನಿಯಮವೇ. ಒಂದು ಸಂಜೆ ಶೂ ಉಜ್ಜಿ, ಇಸ್ತ್ರಿ ಮಾಡಿದ ಶರಟು ತೊಟ್ಟು, ಕ್ಲಬ್ಬಿನ ಗೇಟಿಗೆ ಬಂದು ನಿಂತರು. ನಾನು ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಡಾಕ್ಟರು ಇಳಿದು ಹೋದರು. ಕೆಟ್ಟ ಮನುಷ್ಯರಲ್ಲ ಅವರು. ಗೇಟಿನ ಒಳಗೆ ನಿಂತುಕೊಂಡೇ ನಗುನಗುತ್ತಾ ಮಾತಾಡಿಸಿದರು.

‘ಏನ್ ಮೇಷ್ಟ್ರೆ, ಬಹಳ ಚೆನ್ನಾಗಿ ತಯಾರು ಮಾಡಿದೀರಿ ಹುಡುಗ್ರನ್ನ!’

‘ಸ್ಕೂಲಿನ ಪಂದ್ಯ ಹತ್ರ ಬಂತು ಸಾರ್. ಅದು ಮುಗಿಯೋವರ್ಗೂ ಬಿಟ್ಕೊಡಿ. ಆಮೇಲೆ ನೀವೇ ಕರ್ಕೊಳ್ಳಿ.’

‘ಅಲ್ಲ, ದೊಡ್ಡೋರ ಜೊತೆ ಆಡಿದ್ರೆ ಅವ್ರಿಗೇ ಒಳ್ಳೇದಲ್ವಾ? ನಮ್ದೂ ಟೂರ್ನಮೆಂಟ್ ಇದೆ ಚಿಂತಾಮಣೀಲಿ. ಅಲ್ಲಿಗೂ ಇಲ್ಲಿಗೂ ಆಡ್ಲಿ, ಏನಾಗುತ್ತೆ?’

‘ಹಂಗೆ ಆಡಂಗಿಲ್ಲ ಸಾರ್.’

‘ನೋಡೋಣ ನೋಡೋಣ’ ಎಂದರು ಡಾಕ್ಟರು. ಒಳಗೆ ಬನ್ನಿ ಎನ್ನಲಿಲ್ಲ. ಮೇಷ್ಟ್ರ ಕೈ ಗೇಟಿನ ಕಂಬಿಯ ಮೇಲಿತ್ತು. ಒಳಗೆ ಆಡುತ್ತಿದ್ದ ಹುಡುಗರು ಅವರನ್ನು ನೋಡಿದರು. ಒಬ್ಬನ ಕೈಯಿಂದ ಸುಲಭದ ಚೆಂಡು ತಪ್ಪಿತು. ಆಮೇಲೆ ಆಟ ಮುಂದುವರಿಯಿತು.

ನಾನು ಪತ್ರಿಕೆ ಬಿಟ್ಟು ಎದ್ದು ಬಂದು ಅವರ ಜೊತೆ ರೂಮಿನವರೆಗೆ ನಡೆದೆ. ಸ್ಟೇಷನ್ನಿನ ದಾರಿಗೆ ತಿರುಗಿದ ಮೇಲೆ, ‘ನೆಟ್ಟು ಸಡಿಲ ಕಟ್ಟಿದಾರೆ, ನೋಡಿದ್ರಾ?’ ಎಂದರು. ಅಷ್ಟೇ.

ಹೆಡ್‌ಮಾಸ್ಟರು ಉಪಾಯ ಹೇಳಿಕೊಟ್ಟರು. ‘ಸುಮ್ನೆ ಐವರನ್ನೂ ಕರ್ಕೊಂಡ್ ಹೋಗ್ರಿ. ಕ್ಲಬ್ಬಿನ ವಿಷಯ ಅಲ್ಲಿ ಯಾರು ಕೇಳ್ತಾರೆ? ಕಪ್ಪು ಬರ್ಬೇಕು ಅಷ್ಟೆ.’

‘ಕೇಳಿದ್ರೆ ಹುಡುಗ್ರ ಬಾಯಲ್ಲಿ ಸುಳ್ಳು ಹೇಳಿಸ್ಬೇಕಾಗುತ್ತೆ ಸಾರ್.’

‘ಆ ಮುನಿಕೃಷ್ಣನ್ನಾದ್ರೂ ಯೋಚ್ನೆ ಮಾಡ್ರಿ. ಟೀಮೇ ಇಲ್ದಿದ್ರೆ ಅವನನ್ನ ಯಾರು ನೋಡ್ತಾರೆ?’

ಈ ಮಾತು ಅವರಿಗೆ ನಾಟಿತು. ಜಿಲ್ಲೆಗೆ ಹುಡುಗರನ್ನು ಆರಿಸುವವರು ಆ ಪಂದ್ಯಗಳಿಗೆ ಬರುತ್ತಿದ್ದರು. ಮುನಿಕೃಷ್ಣನಿಗೆ ಅದು ಸ್ಕೂಲಿನ ಕೊನೆಯ ವರ್ಷ. ಮಾರನೆಯ ದಿನ ನಾಲ್ವರನ್ನೂ ಕರೆದು, ‘ಪಂದ್ಯ ಮುಗಿಯೋವರ್ಗೂ ಕ್ಲಬ್ಬು ಬಿಡ್ರಪ್ಪ, ಅಷ್ಟೇ ನಾನು ಕೇಳೋದು’ ಎಂದರು. ಹುಡುಗರು ನೆಲ ನೋಡಿದರು. ಕೊನೆಗೆ ಪಟೇಲರ ಮಗ ಬಾಯಿಬಿಟ್ಟ: ‘ಅಲ್ಲಿ ನಮ್ಮಪ್ಪಾನೂ ಇರ್ತಾರೆ ಸಾರ್. ಬರಲ್ಲ ಅಂತ ಹೆಂಗೆ ಹೇಳ್ಲಿ?’ ಹುಡುಗನ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಅವನ ತಲೆ ಸವರಿ, ‘ಹೋಗಪ್ಪ, ಬೇಜಾರ್ ಮಾಡ್ಕೋಬೇಡ’ ಎಂದರು.

ಆ ಸಲ ಪಂದ್ಯ ಚಿಕ್ಕಬಳ್ಳಾಪುರದಲ್ಲಿ. ಮುನಿಕೃಷ್ಣನ ಜೊತೆ ಕೆಳಗಿನ ಕ್ಲಾಸಿನ ನಾಲ್ಕು ಸಣ್ಣ ಹುಡುಗರನ್ನು ಕರೆದುಕೊಂಡು ಹೋದರು. ನಾನೂ ಹೋದೆ. ಎದುರಿಗೆ ಮೀಸೆ ಚಿಗುರಿದ ಗಟ್ಟಿ ಹುಡುಗರು. ನಮ್ಮ ಸಣ್ಣವರಿಗೆ ಬ್ಯಾಟೇ ಭಾರ. ಮುನಿಕೃಷ್ಣ ಒಬ್ಬನೇ ಮುಂದೆ ಹಿಂದೆ ಎಡಕ್ಕೆ ಬಲಕ್ಕೆ ಓಡಿ ಇಡೀ ಕೋರ್ಟನ್ನು ಕಾದ. ಮೊದಲ ಆಟ ಸೋತ. ಎರಡನೆಯದನ್ನು ಎಳೆದಾಡಿ ಎಳೆದಾಡಿ ಸೋತ. ಸೋತವನಿಗೆ ಜನ ಚಪ್ಪಾಳೆ ಹೊಡೆದರು. ಜಿಲ್ಲೆಗೆ ಆರಿಸುವವರು ಮಾತ್ರ ಗೆದ್ದ ಟೀಮುಗಳಿಂದಲೇ ಆರಿಸಿಕೊಂಡರು. ವಾಪಸು ಬರುವಾಗ ಸಣ್ಣ ಹುಡುಗನೊಬ್ಬ ಅಳುತ್ತಿದ್ದ. ಮೇಷ್ಟ್ರು ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಂದಿ ಬೆಟ್ಟ ಮರೆಯಾಗುವವರೆಗೆ ಕಿಟಕಿಯಾಚೆ ನೋಡುತ್ತಿದ್ದರು.

ಚಪ್ಪಾಳೆ ಹೊಡೆದವರಲ್ಲಿ ನಮ್ಮ ಕ್ಲಬ್ಬಿನ ಡಾಕ್ಟರೂ ಇದ್ದರು. ವಾರದೊಳಗೆ ಮುನಿಕೃಷ್ಣನಿಗೆ ಕರೆ ಬಂತು. ಹುಡುಗ ಅಮ್ಮನ ಹಿಂದೆ ಮೇಷ್ಟ್ರ ರೂಮಿನ ಮುಂದೆ ಬಂದು ನಿಂತ.

‘ಕ್ಲಬ್ಬಿಗೆ ಬಾ ಅಂದ್ರು ಸಾರ್. ನಾನು ಹೋಗಲ್ಲ ಅಂದೆ. ಅಮ್ಮ ನಿಮ್ಮುನ್ನ ಕೇಳು ಅಂತ ಎಳ್ಕೊಂಡು ಬಂದ್ಳು.’

‘ಯಾಕೆ ಹೋಗಲ್ಲ?’

‘ನೀವು ಒಬ್ರೇ ಆಗ್ತೀರ.’

ತಾಯಿ ಸೆರಗಿನ ತುದಿ ಹಿಡಿದು, ‘ದೊಡ್ಡೋರು ಕರ್ದವ್ರೆ ಸ್ವಾಮಿ. ನಾಳೆ ಎಲ್ಲಾದ್ರೂ ಒಂದು ಕೆಲ್ಸಕ್ಕೆ ಹಚ್ತಾರೇನೋ’ ಎಂದಳು.

‘ನಮ್ಮ ಪಂದ್ಯ ಮುಗೀತಲ್ಲ, ಈಗ ತಪ್ಪಿಲ್ಲ. ಹೋಗು’ ಎಂದು ಮೇಷ್ಟ್ರು ಒಳಗೆ ಹೋಗಿ, ಬಟ್ಟೆಯ ಚೀಲದ ಸಮೇತ ತಮ್ಮ ಬ್ಯಾಟನ್ನೇ ತಂದು ಅವನ ಕೈಗಿಟ್ಟರು. ಹುಡುಗ ತಗೊಂಡ. ಕಾಲಿಗೆ ಬೀಳಲು ಬಗ್ಗಿದವನನ್ನು ಹಿಡಿದೆತ್ತಿದರು.

ತಾಯಿ ಮಗ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ‘ನಿಮ್ಮನ್ನ ಗೇಟಿನಾಚೆ ನಿಲ್ಲಿಸಿ ಮಾತಾಡಿದೋರು ಅವರು. ಅಲ್ಲಿಗೇ ಕಳಿಸ್ತೀರಲ್ರಿ!’ ಎಂದೆ.

‘ನಾನು ಕೇಳ್ಕೊಂಡು ಹೋಗಿದ್ದೆ ಮೇಷ್ಟ್ರೆ. ಅವನು ಆಡ್ಕೊಂಡು ಹೋಗ್ತಾನೆ’ ಎಂದು ಸ್ಟವ್ವಿಗೆ ಗಾಳಿ ಹಾಕಲು ಕೂತರು.

ಕ್ಲಬ್ಬಿನಲ್ಲಿ ಮುನಿಕೃಷ್ಣನನ್ನು ನಡುವೆ ನಿಲ್ಲಿಸಿದರು. ಆಟದ ಹೊತ್ತಿನಲ್ಲಿ ಯಾವ ಭೇದವೂ ಕಾಣುತ್ತಿರಲಿಲ್ಲ. ಎಲ್ಲರೂ ‘ಮುನಿ, ಮುನಿ’ ಎಂದು ಕೂಗುತ್ತಿದ್ದರು. ಮೊದಲ ದಿನ ಆಟ ಮುಗಿದು ಟೀ ಬಂದಾಗ ಎಲ್ಲರ ಲೋಟ ಟ್ರೇಯಲ್ಲಿತ್ತು, ಅವನದು ಕಾಂಪೌಂಡು ಗೋಡೆಯ ಮೇಲೆ. ಯಾರೂ ಹೇಳಿದ್ದಲ್ಲ, ಮಾಣಿ ತಾನಾಗಿಯೇ ಹಾಗೆ ಇಟ್ಟ. ಯಾರೂ ಬೇಡ ಎನ್ನಲೂ ಇಲ್ಲ. ನಾನು ಜಗಲಿಯಿಂದ ನೋಡಿದೆ. ಹುಡುಗ ಗೋಡೆಯ ಕಡೆ ಒಮ್ಮೆ ನೋಡಿ, ಬ್ಯಾಟು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಆ ಟೀ ಅಲ್ಲೇ ಆರಿತು.

ಮಾರನೆಯ ದಿನ ಮೇಷ್ಟ್ರು ಅವನನ್ನು ಸ್ಕೂಲಿನ ಬಾವಿಯ ಹತ್ತಿರ ನಿಲ್ಲಿಸಿ, ನನ್ನೆದುರಿಗೇ ಕೇಳಿದರು: ‘ಟೀ ಕೊಟ್ರೇನೋ?’

‘ಕೊಟ್ರು ಸಾರ್. ನಾನು ಟೀ ಬಿಟ್ಟಿದೀನಿ.’

‘ಯಾವಾಗಿಂದ?’

‘ನಿನ್ನೆಯಿಂದ.’

ಹುಡುಗನ ಶರಟಿನ ಕಾಲರು ಮಡಿಸಿಕೊಂಡಿತ್ತು, ಮೇಷ್ಟ್ರು ಅದನ್ನು ಸರಿಮಾಡಿ ಕ್ಲಾಸಿಗೆ ಕಳಿಸಿದರು.

ಅಲ್ಲಿಂದ ಅವರ ಸಂಜೆಗಳು ಖಾಲಿಯಾದವು. ಸಣ್ಣ ಹುಡುಗರು ಕೆಲವು ದಿನ ಬಂದರು. ಸೋತ ಮೇಲೆ ಅವರ ಮನೆಯವರು ಓದಿಗೆ ಕೂರಿಸಿದರು. ಆದರೂ ಮೇಷ್ಟ್ರು ನಾಲ್ಕರ ಗಂಟೆ ಹೊಡೆದರೆ ಸುಣ್ಣದ ಡಬ್ಬ ಹಿಡಿದು ಹಿಂದಿನ ಬಯಲಿಗೆ ಹೋಗಿ ಗೆರೆ ತಿದ್ದುತ್ತಿದ್ದರು, ನೆಟ್ಟು ಕಟ್ಟುತ್ತಿದ್ದರು. ಸ್ವಲ್ಪ ಹೊತ್ತು ಕೂತು ಬಿಚ್ಚುತ್ತಿದ್ದರು. ‘ಯಾರಿಗೋಸ್ಕರ?’ ಎಂದು ಹೆಡ್‌ಮಾಸ್ಟರು ಹಾಸ್ಯ ಮಾಡಿದಾಗ, ‘ಟೈಂ ಟೇಬಲ್ಲಲ್ಲಿ ಇದೆಯಲ್ಲ ಸಾರ್’ ಎಂದಿದ್ದರಂತೆ.

ಚಿಂತಾಮಣಿಯ ಕ್ಲಬ್ಬುಗಳ ಟೂರ್ನಮೆಂಟಿಗೆ ಅವರು ಒಬ್ಬರೇ ಹೋದರು. ನಾನು ಆ ಭಾನುವಾರ ಊರಿಗೆ ಹೋಗಿದ್ದೆ. ಸೋಮವಾರ ಬರುವಷ್ಟರಲ್ಲಿ ನಮ್ಮ ಕ್ಲಬ್ಬು ಗೆದ್ದ ಸುದ್ದಿ ಬೀದಿಬೀದಿಯಲ್ಲಿ. ಕೊನೆಯ ಹೊಡೆತ ಮುನಿಕೃಷ್ಣನದೇ, ಡಾಕ್ಟರೇ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು ಎಂದು ನೋಡಿದವರು ಹೇಳಿದರು. ಹೆಗಲ ಮೇಲೆ! ಶಿಡ್ಲಘಟ್ಟದಲ್ಲಿ ಅದು ಸಣ್ಣ ಮಾತಲ್ಲ. ನಾನು ರೂಮಿಗೆ ಓಡಿ ಬಂದೆ.

‘ನೋಡಿದ್ರಂತಲ್ಲ! ಏನಂದ ಹುಡುಗ?’

‘ಮಾತಾಡಿಸ್ಲಿಲ್ಲ. ನಾನು ಆಕಡೆ ಹುಣಿಸೆ ಮರದ ಕೆಳಗೆ ಕೂತಿದ್ದೆ.’

‘ಯಾಕ್ರಿ? ಅಷ್ಟು ದೂರ ಹೋಗಿ!’

ಸ್ವಲ್ಪ ಹೊತ್ತು ಅಂಗೈ ಉಜ್ಜಿಕೊಂಡರು. ‘ಅವನು ನಗ್ತಾ ಇದ್ದ ಮೇಷ್ಟ್ರೆ. ಎಷ್ಟು ಚೆನ್ನಾಗಿ ನಗ್ತಾ ಇದ್ದ. ನನ್ನ ನೋಡಿದ್ರೆ ನಿಲ್ಲಿಸ್ಬಿಡ್ತಿದ್ದ.’

ಆ ಬೇಸಿಗೆಯಲ್ಲಿ ಅವರು ಗೌರಿಬಿದನೂರಿಗೆ ವರ್ಗ ಮಾಡಿಸಿಕೊಂಡರು. ಮುನಿಕೃಷ್ಣನಿಗೆ ಡಾಕ್ಟರ ಪರಿಚಯದಿಂದಲೇ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸವಾಯಿತು, ಅಲ್ಲಿನ ಟೀಮಿಗೆ ಆಡುವವನು ಎಂದು. ಕೆಲವು ವರ್ಷಗಳ ಮೇಲೆ ನಾನು ಚಿಕ್ಕಬಳ್ಳಾಪುರಕ್ಕೆ ಬಂದೆ. ಮದುವೆಯಾಯಿತು, ಮಕ್ಕಳಾದವು. ಮೇಷ್ಟ್ರು ಒಮ್ಮೆ ಮಾತ್ರ ನಮ್ಮ ಮನೆಗೆ ಬಂದಿದ್ದರು. ನನ್ನ ಹೆಂಡತಿ ಮಕ್ಕಳಿಗೆ ಊಟ ಬಡಿಸುವುದನ್ನು ಬಾಗಿಲ ಹತ್ತಿರ ಕೂತು ಬಹಳ ಹೊತ್ತು ನೋಡುತ್ತಿದ್ದರು. ‘ಅಲ್ಲಿ ಜೊತೆಗೆ ಯಾರಿದ್ದಾರೆ?’ ಎಂದು ಆಕೆ ಕೇಳಿದ್ದಕ್ಕೆ, ‘ಪಕ್ಕದ ಮನೇಲಿ ರೇಡಿಯೋ ಇದೆಯಮ್ಮ’ ಎಂದರು.

ಮುಂದೊಂದು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಗೌರಿಬಿದನೂರಿಗೆ ಹಾಕಿದರು. ಇಳಿದವನೇ ಅವರ ಮನೆ ಹುಡುಕಿಕೊಂಡು ಹೋದೆ. ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಮೊರ ಹಿಡಿದುಕೊಂಡೇ ಹೊರಗೆ ಬಂದಳು.

‘ಅವರು ಹೋಗಿ ದೀಪಾವಳಿಗೆ ಮುಂಚೇನೇ ಆಯ್ತಲ್ಲಪ್ಪ. ಜ್ವರ ಬಂದಿತ್ತು. ನಮ್ಮನೆಯೋರು, ಸ್ಕೂಲ್ನೋರು ಸೇರ್ಕೊಂಡು ಮಣ್ಣು ಮಾಡಿದ್ರು. ಯಾರಿಗೆ ಹೇಳಿ ಕಳ್ಸೋದು ಅಂತ ಗೊತ್ತಾಗ್ಲಿಲ್ಲ. ನೀವೇನಾಗ್ಬೇಕು?’

ಏನಾಗಬೇಕು ಎಂದು ನಾನು ಹೇಳಲಿ? ಒಟ್ಟಿಗೆ ಕೆಲಸ ಮಾಡ್ತಿದ್ವಿ ಎಂದೆ.

ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿಗೆ ಹೋದೆ. ಮುನಿಕೃಷ್ಣನಿಗಾದರೂ ಯಾರೋ ಒಬ್ಬರು ಹೇಳಬೇಕಿತ್ತು. ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಸಂಜೆಯ ಆಟ ನಡೆದಿತ್ತು. ಮೈ ತುಂಬಿಕೊಂಡಿದ್ದ, ಆದರೂ ನಿಂತ ರೀತಿಯಿಂದಲೇ ಗುರುತು ಹಿಡಿದೆ. ಒಂದು ಆಟ ಮುಗಿಯಲು ಕಾದು, ಹೇಳಿದೆ. ಅವನು ಗೆರೆಯ ಹತ್ತಿರವೇ ನೆಲಕ್ಕೆ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ.

‘ಕ್ಲಬ್ಬು ಗೆದ್ದ ದಿನ ಚಿಂತಾಮಣಿಗೆ ಬಂದಿದ್ರು ಸಾರ್ ಅವರು’ ಎಂದ.

‘ನಿನಗೆ ಗೊತ್ತಿತ್ತಾ?’

‘ಆಟದಲ್ಲಿ ನೋಡ್ಲಿಲ್ಲ. ವಾಪಸ್ ಬರೋವಾಗ ಸ್ಟೇಷನ್ನಲ್ಲಿ ಬೆನ್ನು ಕಾಣಿಸ್ತು. ರೈಲು ಹೊರಟ ಮೇಲೆ ಡಬ್ಬಿ ಡಬ್ಬಿ ಹುಡುಕ್ದೆ. ಕೊನೇ ಡಬ್ಬೀಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡ್ತಿದ್ರು. ಎದುರು ಸೀಟಲ್ಲಿ ಕೂತ್ಕೊಂಡೆ. ಎಬ್ಬಿಸೋಕೆ ಧೈರ್ಯ ಬರ್ಲಿಲ್ಲ. ಆಕಡೆ ಎಲ್ರೂ ನನ್ನ ಹೆಸರು ಕೂಗ್ತಾ ಇದ್ರು. ಶಿಡ್ಲಘಟ್ಟ ಬರೋ ಮುಂಚೆ ಎದ್ದು ಹೋಗ್ಬಿಟ್ಟೆ.’

ಅವನು ನನ್ನ ಕಡೆ ತಿರುಗಿದ.

‘ನಿಜವಾಗ್ಲೂ ನಿದ್ದೆ ಮಾಡ್ತಿದ್ರಾ ಸಾರ್? ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?’

ರೈಲಿನ ವಿಷಯ ಅವರು ನನಗೆ ಎಂದೂ ಹೇಳಿರಲಿಲ್ಲ. ‘ಇಲ್ಲಪ್ಪ’ ಎಂದೆ.

ಕೋರ್ಟಿನಿಂದ ಅವನನ್ನು ಕರೆದರು. ಇನ್ನೊಮ್ಮೆ ಕರೆದರು. ಅವನು ಏಳಲಿಲ್ಲ. ಸ್ವಲ್ಪ ಹೊತ್ತು ಕಾದು, ಅವನ ಜಾಗಕ್ಕೆ ಬೇರೊಬ್ಬನನ್ನು ಇಳಿಸಿಕೊಂಡು ಆಟ ಶುರು ಮಾಡಿದರು.